ಹಳೇ ಕಂಪ್ಯೂಟರಿಗೆ ಕಲಾಯಿ

ಹೋದ ಶನಿವಾರ ಭಿಶಿ ನಮ್ಮನ್ಯಾಗ ಇತ್ತು. ಫರಾಳ ಆದ ಮ್ಯಾಲೆ ಲೆಕ್ಕಾ ತೋರಸಬೇಕಂತ ಪಡಸಾಲ್ಯಾಗಿನ ಕಂಪ್ಯೂಟರ್ ಚಾಲೂ ಮಾಡಿದೆ. ಮೊದಲೆಲ್ಲಾ ಹೆಂಗಿತ್ತು ಅಂದ್ರ, ಬಟನ್ ಒತ್ತಿ ಒಳಗ ಹೋಗಿ, ಚಹಾಕ್ಕ ಇಟ್ಟು, ಕುದಿಸಿ, ಸೋಸಿ, ಎಲ್ಲಾರ ಕೈಗೆ ಕಪ್ಪು ಕೊಟ್ಟು ಬಂದ್ರೂ ಅದಿನ್ನೂ ಗರಗರ ಅನಕೋತ ಇರ್ತಿತ್ತು. ಈ ಸಲ ನಾ ಖುರ್ಚಿ ಎಳಕೊಂಡು ಕೂಡೋದ್ರಾಗ ಅದು ತಯಾರಾಗಿ ನಿಂತಿತ್ತು.

“ಹೊಸಾದು ತೊಗೊಂಡ್ರೇನ್ರಿ ವೈನಿ? ನಮಗ ಪೇಢೆ ಎಲ್ಲೆ?” ಅಂತ ಎದುರುಮನಿಯವರು ಕೇಳಿದ್ರು.

“ಎಲ್ಲೀ ಹೊಸಾದ್ರೀ, ಅದೇ ಹಳೇದು, 2014ರದು,” ಅಂದ್ರ ಯಾರೂ ನಂಬಲಿಲ್ಲ. ಆಮ್ಯಾಲೆ ಶುರು ಆತು ನೋಡ್ರಿ. ಏನ ಮಾಡಿಸಿದ್ರಿ, ಎಷ್ಟ ಬಿತ್ತು, ನಮ್ಮದೂ ಹಂಗ ಆಗ್ತದೇನು, ನಮ್ಮ ಹುಡುಗ ಹೊಸಾದು ಬೇಕಂತ ಕೂತಾನ ಏನ ಮಾಡೋಣು. ಮರುದಿನಾ ಗದಗಿನಿಂದ ನಮ್ಮ ಮಾವಶಿ ಮಗಳದೂ ಫೋನ್ ಬಂತು. ಒಬ್ಬೊಬ್ಬರಿಗೆ ಹೇಳೋದಕ್ಕಿಂತಾ ಒಮ್ಮೆ ಇಲ್ಲೆ ಬರದು ಹಾಕಿದ್ರ ಛಲೋ ಅಂತ ಕೂತೇನಿ. ನಾ ಏನ ಕಂಪ್ಯೂಟರ್ ಕಲತಾಕಿ ಅಲ್ಲ. ಹನ್ನೊಂದು ವರ್ಷ ಅದರ ಜೋಡಿ ಸಂಸಾರಾ ಮಾಡಿದಾಕಿ, ಅಷ್ಟೇ. ಆದ್ರ ಈ ವಿಷಯದಾಗ ನನಗ ಒಂದು ಅಭಿಪ್ರಾಯ ಅದ, ಅದನ್ನ ಹೇಳೇ ಬಿಡ್ತೇನಿ.

ಈ ಪೆಟ್ಟಿಗಿ 2014ರ ಪಾಡ್ಯಾಕ್ಕ ಮಗಳ ಕಾಲೇಜಿನ ಸಲುವಾಗಿ ಬಂದದ್ದು. ಆಕಿ ಓದು ಮುಗಿಸಿ, ನೌಕರಿ ಹಿಡದು, ಲಗ್ನಾ ಆಗಿ ಪುಣೇಕ್ಕ ಹೋದ್ಲು. ಕಂಪ್ಯೂಟರ್ ನನ್ನ ಪಾಲಿಗೆ ಉಳೀತು. ಭಿಶಿ ಲೆಕ್ಕಾ, ಭಜನಾ ಮಂಡಳದ ಹಾಡಿನ ಹಾಳಿ, ನಮ್ಮನಿಯವರ ಪೆನ್ಶನ್ ಮತ್ತ ಟ್ಯಾಕ್ಸಿನ ಕಾಗದ, ಲಗ್ನದ ಫೋಟೋ, ಎಲ್ಲಾ ಅದರಾಗನ ಅವ. ಎಲ್ಲಾಕ್ಕಿಂತಾ ಹೆಚ್ಚಿಂದು ಅಂದ್ರ ನಮ್ಮ ಅತ್ತಿಯವರ ಹಾಡು. ಮಧ್ಯಾಹ್ನ ಊಟಾ ಮುಗದು ಭಾಂಡೆ ಡಬ್ಬ ಹಾಕಿದ ಮ್ಯಾಲೆ “ಎಬ್ಬಸವಾ ನಿನ್ನ ಪೆಟ್ಟಿಗಿ” ಅಂತಿದ್ರು. ಅವರು ಹಾಡಕೋತ ಹೋಗ್ತಿದ್ರು, ನಾ ನುಡಿ ಒಳಗ ಟೈಪ್ ಮಾಡಕೋತ ಹೋಗ್ತಿದ್ದೆ. ಬೀಸುಕಲ್ಲಿನ ಪದ, ಸೋಬಾನ, ತೊಟ್ಟಿಲದ ಹಾಡು, ಶ್ರಾವಣ ಶುಕ್ರವಾರದ ಹಾಡು, ಎಲ್ಲಾ ಸೇರಿ ನೂರರ ಮ್ಯಾಲೆ ಆದ್ವು.

ಎರಡು ವರ್ಷದಿಂದ ಅದಕ್ಕ ವಯಸ್ಸಾಗಿದ್ದು ಕಾಣಲಿಕ್ಕೆ ಹತ್ತಿತ್ತು. ಚಾಲೂ ಆಗಲಿಕ್ಕೆ ಎಂಟು ನಿಮಿಷ. ಒಂದು ಹಾಳಿ ತೆಗದ್ರ ಇನ್ನೊಂದು ಸಿಟ್ಟಾಗಿ ಕೂಡ್ತಿತ್ತು. ಮುಂಜಾನೆ ಎಬ್ಬಿಸಿದ್ರ ತಾರೀಖು ಹತ್ತು ವರ್ಷ ಹಿಂದಿಂದು ತೋರಸ್ತಿತ್ತು, ಬ್ಯಾಂಕಿನ ಪುಟಾ ತೆರೀತಿದ್ದಿಲ್ಲ. ಅದರ ಮ್ಯಾಲೆ 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ಕ್ಕ ಆಸರ ನಿಂತಿತು, ಇನ್ನ ಮುಂದ ಅದಕ್ಕ ಸುರಕ್ಷತಾದ ಅಪ್‌ಡೇಟ್ ತಾನಾಗೇ ಬರಂಗಿಲ್ಲ ಅನ್ನೋ ಸುದ್ದಿ ಪರದೆ ಮ್ಯಾಲೇ ಬಂತು.

ಮನಿಮಂದಿಗೆಲ್ಲಾ ಒಂದೊಂದು ಮಾತು. ನಮ್ಮನಿಯವರು “ಹನ್ನೊಂದು ವರ್ಷ ದುಡದದ, ಸಾಕು, ಹೊಸಾದು ತರೋಣು” ಅಂದ್ರು. ಮಗಳು “ಅವ್ವಾ, ಈಗ ಎಲ್ಲಾ ಫೋನಿನ್ಯಾಗ ಆಗ್ತದ, ಕಂಪ್ಯೂಟರ್ ಯಾಕ ಬೇಕು?” ಅಂದ್ಲು. ರಿಪೇರಿ ಅಂಗಡಿಯಾಂವ ಪೆಟ್ಟಿಗಿ ಬಿಚ್ಚಿ ಸುದ್ಧಾ ನೋಡದೆ, “ಮೋಡಕಾಕ್ಕ ಹಾಕ್ರೀ ಅಕ್ಕಾರ, ಇದರಾಗ ಏನೂ ಉಳದಿಲ್ಲ” ಅಂತ ಹೇಳಿ, ಹೊಸಾದು, ಪ್ರಿಂಟರ್, ಯುಪಿಎಸ್ ಎಲ್ಲಾ ಹಿಡದು 48,000 ರೂಪಾಯಿದ ಚೀಟಿ ಬರದು ಕೊಟ್ಟಾ. ಈ ಮೂರೂ ಮಂದಿ ಆ ಕಂಪ್ಯೂಟರ್ ಮುಂದ ವರ್ಷಕ್ಕ ಹತ್ತು ಸಲಾನೂ ಕೂಡೋರಲ್ಲ. ದಿನಾ ಕೂಡಾಕಿ ನಾನು. “ನಿನಗ ಏನ ಬೇಕು, ಏನ ತ್ರಾಸ ಆಗೇದ” ಅಂತ ಯಾರೂ ನನ್ನ ಕೇಳಲಿಲ್ಲ.

ನನ್ನ ಮೊದಲನೇ ಮಾತು ಇದೇ. ಮಿಕ್ಸರ್ ಕೆಟ್ರ ಅಡಗಿಮನ್ಯಾಗ ಯಾರ ಇರ್ತಾರ ಅವರನ್ನ ಕೇಳ್ತೇವಿ. ಕಂಪ್ಯೂಟರ್ ಅಂದ ಕೂಡಲೆ ಗಂಡಸರ, ಹುಡುಗರ ವಿಷಯ ಆಗಿಬಿಡ್ತದ. ದಿನಾ ಯಾರು ಕೂಡ್ತಾರೋ ಅವರ ಕೆಲಸದ ಯಾದಿ ಮೊದಲ ಆಗಬೇಕು. ನಾ ಒಂದು ಹಾಳಿ ಮ್ಯಾಲೆ ಬರದೆ: ಕನ್ನಡ ಟೈಪ್, ಲೆಕ್ಕಾ, ಪ್ರಿಂಟ್, ಫೋಟೋ, ಮಗಳ ಜೋಡಿ ವಿಡಿಯೋ ಮಾತು, ಯೂಟ್ಯೂಬಿನ್ಯಾಗ ಕೀರ್ತನ. ಮುಗೀತು. ಇದಕ್ಕ 48,000 ಯಾಕ ಬೇಕು ಅಂತ ಆ ಹಾಳೀನೇ ನನ್ನ ಕೇಳ್ತು.

ಎರಡನೇದು, ಮಂದಿ ಎರಡು ಬ್ಯಾನಿ ಕೂಡಿಸಿ ಒಂದೇ ಹೆಸರು ಇಡ್ತಾರ. ‘ಹಳೇದಾಗೇದ’ ಅಂತ. ಕಂಪ್ಯೂಟರ್ ನಿಧಾನ ಆಗೋದು ಒಂದು, ಅದು ಅಪಾಯದ್ದಾಗೋದು ಇನ್ನೊಂದು. ಹಿತ್ತಾಳಿ ಭಾಂಡೆ ಒಳಗ ಕಲಾಯಿ ಹೋದ್ರ ಸಾರು ಕಿಲುಬು ಹಿಡೀತದ, ಕಲಾಯಿ ಹಾಕಿಸಿದ್ರ ಮತ್ತ ಹತ್ತು ಮಂದಿಗೆ ಅಡಗಿ ಆಗ್ತದ. ತಳಾನೇ ತೂತ ಬಿದ್ರ ಕಲಾಯಿ ಏನ ಮಾಡ್ತದ? ನಮ್ಮ ಕಂಪ್ಯೂಟರಿಗೆ ಎರಡೂ ಆಗಿತ್ತು, ಆದ್ರ ಎರಡಕ್ಕೂ ಔಷಧ ಬ್ಯಾರೆ ಬ್ಯಾರೆ. ನಿಧಾನ ಅಂತ ಹೊಸಾದು ತರೋದು ಖರೇನ ದಂಡ. ಅಪಾಯದ್ದು ಇದ್ದಾಗ ಬರೇ ರ‍್ಯಾಮ್ ಹಾಕಿ ಸಮಾಧಾನ ಮಾಡಕೊಳ್ಳೋದೂ ತಪ್ಪು.

ಆದ್ರ ಇವೆರಡಕ್ಕೂ ಮೊದಲ ಒಂದು ಕೆಲಸಾ ಅದ. ಅದನ್ನ ಹೇಳಲಿಕ್ಕೆ ನನಗ ಈಗೂ ಹೊಟ್ಟಿ ಉರೀತದ. 2018ರಾಗ ಕಂಪ್ಯೂಟರ್ ಒಮ್ಮೆ ಚಾಲೂನ ಆಗಲಿಲ್ಲ. ಒಂದು ಅಂಗಡಿಗೆ ಕೊಟ್ವಿ. ಅವರು “ಡಿ ಒಳಗಿಂದು ಎಲ್ಲಾ ಇರ್ತದ” ಅಂತ ಹೇಳಿ ಫಾರ್ಮ್ಯಾಟ್ ಮಾಡಿ ಕೊಟ್ರು. ಡಿ ಒಳಗಿಂದು ಇತ್ತು, ಖರೆ. ನಾ ತೊಟ್ಟಿಲದ ಹಾಡಿನ ಹನ್ನೊಂದು ಹಾಳಿ ಡೆಸ್ಕ್‌ಟಾಪ್ ಮ್ಯಾಲೆ ಇಟ್ಟಿದ್ದೆ. ಡೆಸ್ಕ್‌ಟಾಪ್ ಅಂದ್ರ ಪರದೆ ಮ್ಯಾಲೆ ಕಾಣೋದು, ಕಣ್ಣ ಮುಂದ ಅದ, ಅಲ್ಲೇ ಭದ್ರ ಅಂತ ತಿಳಕೊಂಡಿದ್ದೆ. ಅದು ಸಿ ಒಳಗ ಇರ್ತದ ಅಂತ ನನಗ ಗೊತ್ತಿರಲಿಲ್ಲ, ಅವರು ಕೇಳಲೂ ಇಲ್ಲ. ಹನ್ನೊಂದೂ ಹೋದ್ವು. ಅತ್ತಿಯವರು ಬಯ್ಯಲಿಲ್ಲ. “ಹೋದ್ರ ಹೋತು, ಮತ್ತ ಹಾಡ್ತೇನಿ, ಬರಕೊ” ಅಂದ್ರು. ಏಳು ಮತ್ತ ಬಂದ್ವು. ಉಳದ ನಾಲ್ಕರಾಗ ಒಂದೊಂದು ಸಾಲು ನೆನಪಾಗ್ತಿತ್ತು, ಮುಂದಿಂದು ಬರ್ತಿದ್ದಿಲ್ಲ. ಹಣಿ ಮ್ಯಾಲೆ ಕೈ ಇಟಗೊಂಡು ಕೂಡ್ತಿದ್ರು. ಈಗ ಅವರಿಲ್ಲ. ಆ ನಾಲ್ಕು ಹಾಡು ಅವರ ಜೋಡಿನೇ ಹೋದ್ವು.

ಅದಕ್ಕ ನಾ ಕೈ ಮುಗದು ಹೇಳೋದು ಏನಂದ್ರ, ಹೊಸಾದು ತರ್ರಿ, ಹಳೇದು ರಿಪೇರಿ ಮಾಡಸ್ರಿ, ಯಾರ ಕೈಯಾಗರೆ ಕೊಡ್ರಿ, ಮೊದಲ ನಿಮ್ಮದು ಎಲ್ಲಾ ಎರಡು ಕಡೆ ಕಾಪಿ ಮಾಡಕೊಳ್ರಿ. ಒಂದು ಪೆನ್‌ಡ್ರೈವ್ ಮ್ಯಾಲೆ, ಇನ್ನೊಂದು ಮನಿಯಿಂದ ಹೊರಗ. ಗೂಗಲ್ ಖಾತೆಕ್ಕ 15 ಜಿಬಿ ಪುಕ್ಕಟ ಜಾಗಾ ಇರ್ತದ, ಬರದದ್ದೆಲ್ಲಾ ಇಡಲಿಕ್ಕೆ ಧಾರಾಳ ಆತು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಈ ಮೂರೂ ಸಾಮಾನ್ಯ ಸಿ ಒಳಗ ಇರ್ತಾವ ಅನ್ನೋದು ನೆನಪಿರಲಿ. ಕಾಪಿ ಮಾಡಿದ ಮ್ಯಾಲೆ ಬ್ಯಾರೆ ಕಂಪ್ಯೂಟರ್ ಮ್ಯಾಲೆ ಒಂದೆರಡು ತೆಗದು ನೋಡ್ರಿ. ನೋಡದೆ ಇದ್ದ ಕಾಪಿ ಕಾಪಿ ಅಲ್ಲ.

ಕನ್ನಡದಾಗ ಬರದಿಟ್ಟೋರಿಗೆ ಇನ್ನೊಂದು ಮಾತು. ನುಡಿ ಅನ್ನೋದು ಸರಕಾರದ ಸಲುವಾಗಿ ಕನ್ನಡ ಗಣಕ ಪರಿಷತ್ತಿನವರು ಮಾಡಿದ್ದು, ನಮ್ಮಂಥೋರಿಗೆ ಭಾಳ ಉಪಕಾರ ಆತು. ಆದ್ರ ಆಗ ನಾವು ಟೈಪ್ ಮಾಡಿದ ಹಳೇ ನುಡಿ, ಬರಹದ ಅಕ್ಷರ ಯೂನಿಕೋಡ್ ಅಲ್ಲ. ಒಳಗ ಇಂಗ್ಲಿಷ್ ಅಕ್ಷರದ ನಂಬರ್ ಇರ್ತಾವ, ಮ್ಯಾಲೆ ಫಾಂಟು ಕನ್ನಡದ ಅಂಗಿ ತೊಡಸಿರ್ತದ. ಆ ಫಾಂಟು ಇಲ್ಲದ ಕಂಪ್ಯೂಟರ್ ಮ್ಯಾಲೆ ತೆಗದ್ರ ಅಂಗಿ ಕಳಚಿ ಬೀಳ್ತದ. ತಲಿಮ್ಯಾಲೆ ಚುಕ್ಕಿ, ಟೊಪಿಗಿ ಇಟಗೊಂಡ ಇಂಗ್ಲಿಷ್ ಅಕ್ಷರದ ಸಂತಿ ಕಾಣಸ್ತದ. ಹೊಸಾ ಕಂಪ್ಯೂಟರ್ ತಂದು, ಹಳೇದು ಮೋಡಕಾಕ್ಕ ಕೊಟ್ಟು, ಆರು ತಿಂಗಳ ಮ್ಯಾಲೆ ಹಾಡು ತೆಗದ್ರ ಏನ ಗತಿ? ನಾ ಎರಡು ಕೆಲಸಾ ಮಾಡಿದೆ. ನುಡಿ ಫಾಂಟಿನ ಫೈಲ್‌ಗಳನ್ನೂ ಕಾಪಿ ಮಾಡಿ ಹಾಡಿನ ಜೋಡಿ ಇಟ್ಟೆ. ಆಮ್ಯಾಲೆ ಹಾಡನ್ನೆಲ್ಲಾ ಯೂನಿಕೋಡಿಗೆ ಪರಿವರ್ತನ ಮಾಡಿಸಿದೆ. ಪರಿವರ್ತನಾ ತಂತ್ರಾಂಶದ್ದು ಎರಡು ನಿಮಿಷದ ಕೆಲಸ, ಆದ್ರ ಅರ್ಕಾವೊತ್ತು ಮತ್ತ ಒತ್ತಕ್ಷರ ನಮಗ ಅಲ್ಲಲ್ಲೆ ಅದಲಾಬದಲಿ ಆಗಿ ಬಂದ್ವು. ಮ್ಯಾಲಿನಮನಿ ವೈನಿಯವರ ಮಗಳನ್ನ ಕೂಡಿಸಿಕೊಂಡು ಎರಡು ವಾರ ಒಂದೊಂದೇ ಹಾಡು ಓದಿ ತಿದ್ದಿದ್ವಿ. ಓದಕೋತ ಆ ಹುಡುಗಿ ಎರಡು ಸೋಬಾನ ಕಲತೂ ಬಿಟ್ಲು.

ಈಗ ನಿಧಾನದ ಬ್ಯಾನಿಗೆ ಬರ್ತೇನಿ.

ತಾರೀಖು ಹಿಂದಕ್ಕ ಹೋಗೋದಕ್ಕ ಕಾರಣ ಒಳಗಿನ ಒಂದು ಗುಂಡನ್ನ ಸೆಲ್ಲು. ಸಿಆರ್ 2032 ಅಂತಾರ, ನಾಣ್ಯದಂಗ ಇರ್ತದ. ಕಂಪ್ಯೂಟರ್ ಬಂದ್ ಇದ್ದಾಗ ಗಡಿಯಾರ ನಡಸೋದು ಅದೇ. ಅದು ಸತ್ರ ತಾರೀಖು ಹಳೇದು ತೋರಸ್ತದ, ತಾರೀಖು ತಪ್ಪಿದ್ರ ಬ್ಯಾಂಕಿನ ಪುಟದ ಪ್ರಮಾಣಪತ್ರ ತಾಳಿ ಆಗಂಗಿಲ್ಲ, ‘ಇದು ಸುರಕ್ಷಿತ ಅಲ್ಲ’ ಅಂತ ಬರ್ತದ. ನಾವು ‘ಕಂಪ್ಯೂಟರ್ ಹೋತು’ ಅಂತೇವಿ. ನಮಗ ಸೆಲ್ಲು ಬಿದ್ದದ್ದು 50 ರೂಪಾಯಿ. 48,000ದ ಚೀಟಿ ಬರದಾಂವ ಇದನ್ನ ನೋಡಿರಲಿಲ್ಲ.

ಆಮ್ಯಾಲೆ ಧೂಳು. ನಮ್ಮನಿ ಗಾಳಿಪಂಖಾದ ಕೆಳಗ, ಕಿಡಕಿ ಬಾಜೂಕನ ಹನ್ನೊಂದು ವರ್ಷ ಇಟ್ಟದ್ದು. ಬಿಚ್ಚಿದಾಗ ಒಳಗಿನ ಪಂಖಾದ ಮ್ಯಾಲೆ ಕೌದಿ ಹೊಚ್ಚಿದಂಗ ಕೂತಿತ್ತು. ಪಂಖಾ ತಿರಗದಿದ್ರ ಪ್ರೊಸೆಸರ್ ಕಾಯ್ತದ, ಕಾದ್ರ ತನ್ನನ್ನ ಉಳಿಸಿಕೊಳ್ಳಲಿಕ್ಕೆ ತಾನೇ ನಿಧಾನ ಆಗ್ತದ. ಕರೆಂಟ್ ತೆಗದು, ಬ್ರಶ್‌ಲೇ ಮೆತ್ತಗ ಝಾಡಿಸಿದ್ವಿ. ಒಣಗಿ ಹೋಗಿದ್ದ ಪೇಸ್ಟ್ ತೆಗದು ಹೊಸಾದು ಹಚ್ಚಿದ್ವಿ.

ಮುಖ್ಯ ಕಾರಣ ಮಾತ್ರ ಹಾರ್ಡ್‌ಡಿಸ್ಕ್. ಹಳೇ ಹಾರ್ಡ್‌ಡಿಸ್ಕ್ ಒಳಗ ಒಂದು ತಟ್ಟಿ ನಿಮಿಷಕ್ಕ 5,400 ಇಲ್ಲಾ 7,200 ಸುತ್ತು ತಿರಗ್ತದ, ಗ್ರಾಮೋಫೋನಿನ ಸೂಜಿಹಂಗ ಒಂದು ಕೈ ಹುಡುಕಾಡಿ ಓದ್ತದ. ಈಗಿನ ವಿಂಡೋಸ್ ಚಾಲೂ ಆಗೋ ಮುಂದ ಸಾವಿರಾರು ಸಣ್ಣ ಸಣ್ಣ ಫೈಲ್ ಕೇಳ್ತದ, ಪಾಪ ಆ ಕೈ ಎಲ್ಲೆ ಅಂತ ಓಡೀತು? ನಿಮ್ಮದೂ ಹಂಗ ಅದ ಏನು ಅಂತ ನೋಡಲಿಕ್ಕೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಗುಂಡಿ ಕೂಡಿಸಿ ಒತ್ರಿ. ಟಾಸ್ಕ್ ಮ್ಯಾನೇಜರ್ ಬರ್ತದ. ಅದರಾಗ ‘ಡಿಸ್ಕ್’ ಅನ್ನೋದರ ಕೆಳಗ ಬಹಳ ಹೊತ್ತು 100% ಅಂತ ಕೆಂಪಗ ಇದ್ದು, ಉಳದದ್ದು ಸುಮ್ಮನ ಕೂತಿದ್ರ ಬ್ಯಾನಿ ಹೆಚ್ಚಾಗಿ ಅಲ್ಲೇ ಅದ. ಎಸ್‌ಎಸ್‌ಡಿ ಒಳಗ ತಿರಗೋದು ಏನೂ ಇಲ್ಲ, ಬರೇ ಚಿಪ್ಪು. ಹಳೇ ಡಿಸ್ಕ್ ಸೆಕೆಂಡಿಗೆ ಹೆಚ್ಚೂಕಡಿಮಿ 100 ಎಂಬಿ ಓದಿದ್ರ ಇದು 500 ಎಂಬಿ ಓದ್ತದ, ಸಣ್ಣ ಫೈಲ್ ಹುಡುಕೋದ್ರಾಗಂತೂ ಹೋಲಿಕೀನೇ ಇಲ್ಲ. 240 ಜಿಬಿದು ನಮಗ 2,400 ರೂಪಾಯಿ ಬಿತ್ತು. ಎಂಟು ನಿಮಿಷ ಹೋಗಿ ಅರ್ಧಾ ನಿಮಿಷ ಆತು. ಇದು ಕಲಾಯಿ ನೋಡ್ರಿ.

‘ಟಾಸ್ಕ್ ಮ್ಯಾನೇಜರ್’ ಒಳಗ ‘ಮೆಮೊರಿ’ ಯಾವಾಗಲೂ 90ರ ಮ್ಯಾಲೆ ಇದ್ರ ರ‍್ಯಾಮ್ ಕಡಿಮಿ ಅದ ಅಂತ ಅರ್ಥ. ನಮ್ಮದು 4 ಜಿಬಿ ಇತ್ತು, ಇನ್ನೊಂದು 4 ಹಾಕಿಸಿದ್ವಿ. ತರೋ ಮುಂದ ಹಳೇ ತುಂಡು ತೋರಿಸಿ ತರ್ರಿ. ಡಿಡಿಆರ್ 3 ಇದ್ದಲ್ಲೆ ಡಿಡಿಆರ್ 4 ಕೂಡಂಗಿಲ್ಲ, ಕಚ್ಚು ಬ್ಯಾರೆ ಕಡೆ ಇರ್ತದ. ನಮಗ ಬ್ಯಾರೆ ಕಂಪ್ಯೂಟರಿಂದ ಬಿಚ್ಚಿದ ತುಂಡು 700ಕ್ಕ ಸಿಕ್ತು. ಹೊಸಾ ನಮೂನಿ ರ‍್ಯಾಮ್ ಮಾತ್ರ 2025ರ ಕಡೀಕ ಭಾಳ ತುಟ್ಟಿ ಆತು. ಎಐ ಅಂತ ದೊಡ್ಡ ದೊಡ್ಡ ಡೇಟಾ ಸೆಂಟರ್ ಕಟ್ಟಲಿಕ್ಕೆ ಹತ್ಯಾರಲ್ಲ, ಚಿಪ್ಪೆಲ್ಲಾ ಅಲ್ಲೇ ಹೊಂಟಾವ. ಹೊಸಾ ಕಂಪ್ಯೂಟರಿಗೂ ಅದರ ಬಿಸಿ ತಟ್ಟೇದ. ಗಡಿಬಿಡಿ ಮಾಡಿ ಕೊಳ್ಳೋದು ಬ್ಯಾಡ ಅನ್ನಲಿಕ್ಕೆ ನನಗ ಇದೂ ಒಂದು ಕಾರಣ.

ಇನ್ನ ತಳದ ತೂತಿನ ಮಾತು, ಅಂದ್ರ ಸುರಕ್ಷತಾ. ಇದನ್ನ ಎಸ್‌ಎಸ್‌ಡಿ ಹಾಕಿ ಮುಚ್ಚಲಿಕ್ಕೆ ಬರಂಗಿಲ್ಲ.

ವಿಂಡೋಸ್ 10 ಬಂದದ್ದು 2015ರ ಜುಲೈ 29ಕ್ಕ, ನಿಂತದ್ದು 2025ರ ಅಕ್ಟೋಬರ್ 14ಕ್ಕ. ನಿಂತಿತು ಅಂದ್ರ ಕಂಪ್ಯೂಟರ್ ಬಂದ್ ಬಿತ್ತು ಅಂತಲ್ಲ. ಹೊಸಾ ಕಳ್ಳಗಿಂಡಿ ಕಂಡ್ರ ಅದನ್ನ ಮುಚ್ಚೋರು ಇಲ್ಲ ಅಂತ. ವಿಂಡೋಸ್ 11 ಹಾಕೋಣು ಅಂದ್ರ ಅದಕ್ಕ ಟಿಪಿಎಂ 2.0 ಅನ್ನೋ ಕೀಲಿ ಬೇಕು, ಇಂಟೆಲ್ ಆದ್ರ ಹೆಚ್ಚಾಗಿ 8ನೇ ಪೀಳಿಗಿ ಇಲ್ಲಾ ಅದರ ಮುಂದಿಂದು ಬೇಕು. ಆ 8ನೇ ಪೀಳಿಗಿ ಪ್ಯಾಟಿಗೆ ಬಂದದ್ದೇ 2017ರಾಗ. ನಿಮ್ಮದು ಎಷ್ಟನೇದು ಅಂತ ಸೆಟ್ಟಿಂಗ್ಸ್ ಒಳಗ ಸಿಸ್ಟಮ್, ಅದರಾಗ ಅಬೌಟ್ ಅನ್ನೋದು ತೆಗದ್ರ ಗೊತ್ತಾಗ್ತದ. ಐ3-4130 ಅಂತಿದ್ರ ಗೀಟಿನ ಮುಂದಿನ 4, ಅಂದ್ರ ನಾಲ್ಕನೇದು. ಐ5-8400 ಅಂದ್ರ ಎಂಟನೇದು. ಐ5-10400 ಅಂದ್ರ ಹತ್ತನೇದು. ನಮ್ಮದು ನಾಲ್ಕನೇದು, ಹನ್ನೊಂದು ಹತ್ತಂಗಿಲ್ಲ. ನಿಮ್ಮದು ಎಂಟು ಇಲ್ಲಾ ಅದಕ್ಕಿಂತಾ ಮ್ಯಾಲೆ ಇದ್ರ ಪುಕ್ಕಟ ವಿಂಡೋಸ್ 11ಕ್ಕ ಏರಿಸಲಿಕ್ಕೆ ಬರ್ತದ. ಅಂಥಾದ್ದನ್ನ ‘ಹಳೇದಾತು’ ಅಂತ ಮಾರೋದು ಶುದ್ಧ ದಂಡ.

ಹತ್ತದವರಿಗೆ ಮೂರು ದಾರಿ ಅವ. ಒಂದು, ವಿಂಡೋಸ್ 10ಕ್ಕೇ ಹೆಚ್ಚಿಗಿ ಒಂದು ವರ್ಷ, 2026ರ ಅಕ್ಟೋಬರ್ 13ರ ತನಕಾ, ಸುರಕ್ಷತಾದ ಅಪ್‌ಡೇಟ್ ತೊಗೊಳ್ಳೋದು. ಮೈಕ್ರೋಸಾಫ್ಟ್ ಖಾತೆಯಿಂದ ಒಳಗ ಬಂದು, ನಿಮ್ಮ ಸೆಟ್ಟಿಂಗ್ ಅವರ ಹತ್ರ ಕಾಪಿ ಇಡಲಿಕ್ಕೆ ಒಪ್ಪಿದ್ರ ಅದಕ್ಕ ರೊಕ್ಕಾ ಇಲ್ಲ. ಎರಡು, ಲಿನಕ್ಸ್ ಹಾಕೋದು. ಮೂರು, ಹೊಸಾದು.

ನಾವು ಎರಡನೇದು ಹಿಡದ್ವಿ. ಹುಬ್ಬಳ್ಳ್ಯಾಗಿನ ನಮ್ಮ ನಾದಿನಿ ಮಗಾ ರವಿವಾರ ಬಂದು, ಹೊಸಾ ಎಸ್‌ಎಸ್‌ಡಿ ಮ್ಯಾಲೆ ಲಿನಕ್ಸ್ ಮಿಂಟ್ ಹಾಕಿ ಕೊಟ್ಟಾ. ಅದಕ್ಕ ದುಡ್ಡಿಲ್ಲ, ನಮ್ಮ ಹಳೇ ಯಂತ್ರಕ್ಕ ಹಗರ ಆಗ್ತದ, ಅಪ್‌ಡೇಟ್ ಬರ್ತಾವ. ವರ್ಡ್, ಎಕ್ಸೆಲ್ ಬದಲಿ ಲಿಬ್ರೆಆಫೀಸ್. ನನಗ ಹೆದರಿಕಿ ಇದ್ದದ್ದು ಕನ್ನಡ ಟೈಪಿಂಗಿಂದು. ನೋಡಿದ್ರ ಕೀಲಿಮಣಿಯ ಯಾದಿಯೊಳಗ ‘ಕನ್ನಡ, ಕಗಪ’ ಅಂತನೇ ಇತ್ತು. ನುಡಿ ಒಳಗ ನಾ ಕಲತದ್ದೂ ಅದೇ, ಕೆ.ಪಿ. ರಾವ್ ಅವರ ವಿನ್ಯಾಸ. ಬೆರಳು ತಾವೇ ನಡದ್ವು.

ಎಲ್ಲಾ ಹೂವಿನಂಗ ಆತು ಅಂತ ಸುಳ್ಳು ಹೇಳಂಗಿಲ್ಲ. ಪ್ರಿಂಟರ್ ಪ್ರಿಂಟ್ ಮಾಡ್ತು, ಸ್ಕ್ಯಾನ್ ಮಾಡಲಿಕ್ಕೆ ಎರಡು ದಿನಾ ಕಾಡಸ್ತು. ನಮ್ಮನಿಯವರು ಒಂದು ವಾರ “ನನ್ನ ಬಟನ್ ಎಲ್ಲೆ ಹೋತು” ಅಂತ ಗೊಣಗಿದ್ರು. ಭಿಶಿ ಲೆಕ್ಕದ ಹಾಳ್ಯಾಗ ಬಣ್ಣ ಚೂರು ಹೆಚ್ಚುಕಡಿಮಿ ಆದ್ವು. ಆದ್ರ ತಿಂಗಳಾದ್ರಾಗ ಎಲ್ಲಾರೂ ಹೊಂದಿಕೊಂಡ್ವಿ. ಹಳೇ ಹಾರ್ಡ್‌ಡಿಸ್ಕನ್ನ ಒಂದು ಡಬ್ಬಿಯೊಳಗ ಹಾಕಿ, ಮ್ಯಾಲೆ ಚೀಟಿ ಹಚ್ಚಿ, ಕಪಾಟಿನ್ಯಾಗ ರೇಷ್ಮಿ ಸೀರಿ ಕೆಳಗ ಇಟ್ಟೇನಿ. ಅದು ಮೂರನೇ ಕಾಪಿ. ಸೆಲ್ಲು 50, ಎಸ್‌ಎಸ್‌ಡಿ 2,400, ರ‍್ಯಾಮ್ 700, ಪೇಸ್ಟು 150, ಎಲ್ಲಾ ಕೂಡಿ 3,300 ರೂಪಾಯಿ. ನಾದಿನಿ ಮಗಗ ಹೂರಣದ ಹೋಳಿಗಿ ಊಟಾ, ಅದನ್ನ ಲೆಕ್ಕಕ್ಕ ಹಿಡದಿಲ್ಲ.

ಹಂಗಂತ ಎಲ್ಲಾರೂ ನನ್ನಂಗ ಮಾಡ್ರಿ ಅನ್ನಂಗಿಲ್ಲ. ಹಿಂದಿನಮನಿ ಅಕ್ಕಾರು ಅಂಗಡಿಗಳದು ಲೆಕ್ಕಾ ಬರೀತಾರ, ಟ್ಯಾಲಿ ಬೇಕು, ಅದು ವಿಂಡೋಸ್ ಮ್ಯಾಲೆ ನಡಿಯೋದು. ಮಂದಿ ರೊಕ್ಕದ ಲೆಕ್ಕಾ ಆಸರ ನಿಂತ ಯಂತ್ರದ ಮ್ಯಾಲೆ ಇಡೋದು ಸರಿ ಅಲ್ಲ. ಅವರು ಹೊಸಾದು ತೊಗೊಂಡ್ರ ಅದು ಖರ್ಚಲ್ಲ, ಕಸುಬಿನ ಹತಾರ. ಇಂಜಿನಿಯರಿಂಗ್ ಓದೋ ಮಕ್ಕಳಿದ್ರ, ಮನಿಯಿಂದ ಕೆಲಸಾ ಮಾಡೋರಿದ್ರ, ಅವರಿಗೂ ಹೊಸಾದೇ ಬೇಕು. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿ ಕೀಬೋರ್ಡ್ ಎತ್ತಿದ್ರ ಒಂದು ದಿನಾನೂ ತಡಾ ಮಾಡಬ್ಯಾಡ್ರಿ, ಅದು ಬೆಂಕಿ ಹತ್ತೋ ವಸ್ತು. ಚಾರ್ಜ್‌ಗೆ ಹಚ್ಚದ ಅಂಗಡಿಗೆ ಒಯ್ರಿ.

ನನಗ ನಾನೂ ಒಂದು ಗೆರಿ ಹಾಕಿಕೊಂಡೇನಿ. ರಿಪೇರಿ ಖರ್ಚು ಎಲ್ಲಾ ಸೇರಿ ಹೊಸಾದರ ಬೆಲೀಯ ಕಾಲುಭಾಗ ದಾಟಬಾರದು. ಮದರ್‌ಬೋರ್ಡ್ ಹೋದ ದಿನಾ ಇದಕ್ಕ ಇನ್ನೊಂದು ರೂಪಾಯಿನೂ ಹಾಕಂಗಿಲ್ಲ, ಆರತಿ ಮಾಡಿ ಕಳಸ್ತೇನಿ. ಅಲ್ಲೀತನಕಾ ಭಿಶಿಯೊಳಗ ನನ್ನ ಪಾಳಿ ಬಂದಾಗ ಅದರಾಗಿಂದು ಒಂದಿಷ್ಟು ತಗದಿಡ್ತೇನಿ. ಯಾರೂ ಹೆದರಿಸಿದ್ರು ಅಂತಲ್ಲ, ಬೇಕಾದಾಗ ನಾನೇ ಹೋಗಿ ನನಗ ಬೇಕಾದ್ದು ನೋಡಿ ತರಲಿಕ್ಕೆ.

ಮಗಳ ಮಾತಿಗೂ ಉತ್ತರಾ ಕೊಡಬೇಕು. ಫೋನು ಸಾಕು ಅಂತಾಳ. ಬಿಲ್ ಕಟ್ಟಲಿಕ್ಕೆ, ಮಾತಾಡಲಿಕ್ಕೆ ಸಾಕು, ಖರೇ ಅದ. ಆದ್ರ ಇಪ್ಪತ್ತು ಮಂದಿ ಭಿಶಿ ಲೆಕ್ಕಾ ಆ ಅಂಗೈಯಷ್ಟು ಪರದೆ ಮ್ಯಾಲೆ ನೋಡಿದ್ರ ಈ ಚಾಳೀಸದ ಕಣ್ಣಿಗೆ ಎಲ್ಲಾ ಒಂದೇ ಸಾಲು ಕಾಣಸ್ತದ. ನೂರು ಹಾಡು ಹೆಬ್ಬೆರಳಿಲೆ ತಿದ್ದಲಿಕ್ಕೆ ಆಗ್ತದೇನು? ಅದಕ್ಕಿಂತಾ ಹೆಚ್ಚಿಂದು ಅಂದ್ರ, ಫೋನು ಹಿಡಕೊಂಡು ಕೂತ್ರ ಮನ್ಯಾಗ ಯಾರೂ ‘ಕೆಲಸಾ ಮಾಡ್ತಾಳ’ ಅನ್ನಂಗಿಲ್ಲ. ಖುರ್ಚಿ ಎಳಕೊಂಡು ಕೀಬೋರ್ಡ್ ಮುಂದ ಕೂತ್ರ ಒಂದು ತಾಸು ಯಾರೂ ಕರಿಯಂಗಿಲ್ಲ. ಆ ಖುರ್ಚಿ ನನಗ ಬೇಕು.

ಕಡೀ ಮಾತು. ಹೊಸಾದು ತೊಗೊಳ್ಳೋರು ಹಳೇದನ್ನ ಮೋಡಕಾ ಗಾಡಿಗೆ ಹಾಕಬ್ಯಾಡ್ರಿ. ವೈರ್ ಸುಟ್ಟು ತಾಮ್ರ ತಗೀತಾರ, ಹಳೇ ದಪ್ಪ ಮಾನಿಟರಿನ ಕಾಜಿನ್ಯಾಗ, ಬೆಸಿಗಿಯೊಳಗ ಸೀಸಾ ಇರ್ತದ, ಆ ಹೊಗಿ ಕುಡಿಯೋದು ಅವರ ಮಕ್ಕಳೇ. 2023ರ ಏಪ್ರಿಲ್ 1ರಿಂದ ಹೊಸಾ ಇ-ತ್ಯಾಜ್ಯ ನಿಯಮ ಜಾರಿ ಅದಾವ, ನೋಂದಣಿ ಆದ ಮರುಬಳಕೀಯವರಿಗೇ ಅದು ಹೋಗಬೇಕು. ಕೊಡೋ ಮುಂದ ಹಾರ್ಡ್‌ಡಿಸ್ಕ್ ಬಿಚ್ಚಿ ಇಟಗೊಳ್ರಿ. ಬರೇ ಡಿಲೀಟ್ ಒತ್ತಿದ್ರ ಫೋಟೋ, ಆಧಾರ್, ಪಾಸ್‌ಬುಕ್ ಅಳಸಿ ಹೋಗಂಗಿಲ್ಲ, ಹುಡುಕೋರಿಗೆ ಸಿಗ್ತಾವ.

ಗದಗಿನ ನನ್ನ ತಂಗಿ, ನಿನಗ ಫೋನಿನ್ಯಾಗ ಹೇಳೋದು ಇಷ್ಟೂ ಇತ್ತು. ಹೊಸಾದೋ ಹಳೇದೋ ಅಂತ ನಿಮ್ಮ ಹುಡುಗನ ಜೋಡಿ ಜಗಳಾ ಆಮ್ಯಾಲೆ ಮಾಡು. ಇವತ್ತು ಮಧ್ಯಾಹ್ನ ಒಂದು ಪೆನ್‌ಡ್ರೈವ್ ತರಿಸಿ, ಕಾಕಾನ ಆ ಹಳೇ ಪತ್ರದ ಫೋಟೋ ಇದಾವಲ್ಲ, ಅವನ್ನ ಮೊದಲ ಕಾಪಿ ಮಾಡಕೊ. ಡೆಸ್ಕ್‌ಟಾಪ್ ಮ್ಯಾಲಿನವನ್ನ ಮರಿಬ್ಯಾಡ.